ಕಂಬಕ್ಕೆ ಔಷಧಿ ಹಾಕುತ್ತಿದ್ದ ಹಳೇ ಶೆಡ್, ಕೆಳಗೆ ಬಾವಿ: ಪರೀಕ್ಷೆ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ಪೊನ್ನಂಪೇಟೆ ಕಡೆಯವಳು):
ನಮ್ಮದು ಕಾಫಿ ತೋಟ. ರಸ್ತೆ ಬದಿಯ ಅರ್ಧ ಎಕರೆಯನ್ನು ಮಾವ ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿ ಬೇಲಿ ಕಂಬಗಳಿಗೆ ಗೆದ್ದಲು ಹಿಡಿಯದ ಹಾಗೆ ಔಷಧಿ ಹಾಕುತ್ತಿದ್ದರು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಔಷಧಿ. ಶೆಡ್ ಮುಚ್ಚಿ ಹನ್ನೆರಡು ವರ್ಷವಾಯಿತು. ಕಂಬಗಳನ್ನು ಸೋರಲು ಒರಗಿಸುತ್ತಿದ್ದ ಜಾಗದಲ್ಲಿ ಇವತ್ತಿಗೂ ಹುಲ್ಲು ಸರಿಯಾಗಿ ಬರುವುದಿಲ್ಲ. ಮೊನ್ನೆ ಗುದ್ದಲಿಯಲ್ಲಿ ಕೆರೆದೆ. ಕೆಂಪು ಮಣ್ಣಿನೊಳಗೆ ಪಾಚಿ ಬಣ್ಣದ ಹೆಂಟೆಗಳು. ಅಲ್ಲಿಂದ ಇಳಿಜಾರಿನಲ್ಲಿ ಅರವತ್ತು ಹೆಜ್ಜೆಗೆ ಬಾವಿ, ಅದರ ಕೆಳಗೆ ಗದ್ದೆ. ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ನಾಲ್ಕು ಸಂಸಾರಗಳು ಕುಡಿಯುವುದು ಅದೇ ನೀರನ್ನು. ಒಂದು ಬಾಟಲಿ ಟೆಸ್ಟ್‌ಗೆ ಕೊಟ್ಟಿದ್ದೆ. ಪಿಎಚ್, ಗಡಸುತನ, ಕಬ್ಬಿಣ ನೋಡಿ ‘ಕುಡಿಯಬಹುದು’ ಅಂದರು. ನನಗೆ ಸಮಾಧಾನವಿಲ್ಲ. ಕುದಿಸಿ ಕುಡಿದರೆ ಸಾಕಾ?

ಉತ್ತರ 1 (ಸೋಮವಾರಪೇಟೆಯಿಂದ):
ಅಕ್ಕ, ಆ ನೀರನ್ನು ಕುಡಿಯುವುದಕ್ಕೆ, ಅಡುಗೆಗೆ ಇವತ್ತೇ ನಿಲ್ಲಿಸಿ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಇನ್ನೂ ಜಾಸ್ತಿಯಾಗುತ್ತದೆ. ಮಕ್ಕಳನ್ನೂ ಆ ಮಣ್ಣಿನಲ್ಲಿ ಆಡಲು ಬಿಡಬೇಡಿ.

ನಿಮ್ಮ ರಿಪೋರ್ಟ್ ಸುಳ್ಳಲ್ಲ, ಅದರಲ್ಲಿ ಬೇಕಾದ್ದನ್ನು ನೋಡಿಯೇ ಇಲ್ಲ ಅಷ್ಟೆ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಆರ್ಸೆನಿಕ್, ಕ್ರೋಮಿಯಂ ಅಂತ ಹೆಸರು ಹೇಳಿ ಕೇಳಿ. ಕುಡಿಯುವ ನೀರಿಗೆ ಮಿತಿ ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ, ಕ್ರೋಮಿಯಂ 0.05. ಲೋಹದ ಪರೀಕ್ಷೆಗೆ ಆಸಿಡ್ ಹಾಕಿದ ಬಾಟಲಿ ಕೊಡುತ್ತಾರೆ. ಹೆಕ್ಸಾವೇಲೆಂಟ್ ಕ್ರೋಮಿಯಂಗೆ (ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ) ಆ ಬಾಟಲಿ ಆಗುವುದಿಲ್ಲ, ಬೇರೆ ಕೇಳಿ ಪಡೆಯಿರಿ. ನೀರಿನ ಜೊತೆ ಸುಲಭವಾಗಿ ಹರಿಯುವುದು ಅದೇ.

ಮಣ್ಣಿನ ವಿಷಯಕ್ಕೆ ಬಂದರೆ, ನಾನು ಸ್ಯಾಂಪಲ್ ತೆಗೆಯುವ ಕೆಲಸ ಮಾಡಿದವನು. ಕಾಫಿ ತೋಟದಲ್ಲಿ ಎಡವುವುದು ತಾಮ್ರದಲ್ಲಿ. ವರ್ಷ ವರ್ಷ ಬೋರ್ಡೋ (ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್, ಸುಣ್ಣ ಕಲಸಿದ ದ್ರಾವಣ) ಹೊಡೆದು ನಮ್ಮ ಮಣ್ಣಿನಲ್ಲಿ ತಾಮ್ರ ಹೇಗೂ ಸೇರಿರುತ್ತದೆ. ನಾಳೆ ಯಾರಾದರೂ ‘ಅದು ನಿಮ್ಮದೇ ಮೈಲುತುತ್ತು’ ಅಂದರೆ ಏನು ಹೇಳುತ್ತೀರಿ? ಅದಕ್ಕೇ ಶೆಡ್‌ಗಿಂತ ಮೇಲಿನ ತೋಟದಲ್ಲೂ ಎರಡು ಮೂರು ಕಡೆ ಮಣ್ಣು ತೆಗೆದು ಹೋಲಿಸಬೇಕು. ಶೆಡ್ ಹತ್ತಿರ ಆರ್ಸೆನಿಕ್, ಕ್ರೋಮಿಯಂ ಕೂಡ ಏರಿದ್ದರೆ ಮೈಲುತುತ್ತಿನ ಮಾತು ನಿಲ್ಲುವುದಿಲ್ಲ. ಪ್ರತಿ ಗುಂಡಿಯಲ್ಲೂ ಮೇಲ್ಮಣ್ಣು, ಅರ್ಧ ಮೀಟರ್, ಒಂದು ಮೀಟರ್ ಬೇರೆ ಬೇರೆ ಚೀಲಕ್ಕೆ ಹಾಕಿ. ನಡುವೆ ಸಲಕರಣೆ ತೊಳೆಯಿರಿ.

ಉತ್ತರ 2:
ಗದ್ದೆ ಮರೆಯಬೇಡಿ. ಕೆಂಪು ಮಣ್ಣಿನ ಕಬ್ಬಿಣ ಆರ್ಸೆನಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರು ನಿಂತ ಗದ್ದೆಯಲ್ಲಿ ಆ ಹಿಡಿತ ಬಿಡುತ್ತದೆ. ಬಾವಿ ನೀರನ್ನು ಮೇ ತಿಂಗಳಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ನೋಡಿಸಿ. ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದು ಕೊಡಿ. ಕಲುಷಿತ ಜಾಗಗಳ ಬಗ್ಗೆಯೇ 2025ರಲ್ಲಿ ಕೇಂದ್ರದ ನಿಯಮ ಬಂದಿದೆ.

ಉತ್ತರ 1:
ಇನ್ನೊಂದು ಮಾತು. ಅಗೆಯುವ ಮೊದಲು ಅಲ್ಲಿ ದುಡಿದವರನ್ನು ಹುಡುಕಿ ಮಾತಾಡಿಸಿ.

ಪ್ರಶ್ನೆ ಕೇಳಿದವಳು:
ಬಾವಿಯ ಹಗ್ಗ ಬಿಚ್ಚಿ ತಂದಿದ್ದೇನೆ. ಸದ್ಯಕ್ಕೆ ಲೈನ್ ಮನೆಗೆ ಪಂಚಾಯಿತಿ ನಲ್ಲಿಯಿಂದ ಜೀಪಿನಲ್ಲಿ ನೀರು. ಶೆಡ್‌ನಲ್ಲಿ ದುಡಿದಿದ್ದ ಅಜ್ಜ ಒಬ್ಬರು ಸಿಕ್ಕಿದರು. ತೊಟ್ಟಿ ತೊಳೆದ ರಾಡಿಯನ್ನು ಹಲಸಿನ ಮರದ ಹಿಂದೆ ಗುಂಡಿ ತೋಡಿ ಸುರಿಯುತ್ತಿದ್ದರಂತೆ. ಆ ಮರ ಇರುವುದು ಬಾವಿಗೆ ಇನ್ನೂ ಹತ್ತಿರ. ನಾಳೆ ಮೊದಲ ಸ್ಯಾಂಪಲ್ ಅಲ್ಲಿಂದಲೇ.