ಪದಚರ್ಚೆ: ‘ಪ್ರೀಕ್ವೆಲ್’ಗೆ ‘ಪೂರ್ವಕಥೆ’ ಸಾಕೇ?

ಎಡ್ ಫಾಲ್ಕೊ ಅವರ ‘ದಿ ಫ್ಯಾಮಿಲಿ ಕಾರ್ಲಿಯೋನ್’ ಕಾದಂಬರಿಗೆ ಒಂದು ಪುಟದ ಪರಿಚಯ ಬರೆಯುವುದಿತ್ತು. ಕಾರ್ಲಿಯೋನ್ ಎಂಬ ಮಾಫಿಯಾ ಮನೆತನದ ಕಥೆ ಹೇಳುವ ಮೂಲ ಕಾದಂಬರಿ, ಮಾರಿಯೋ ಪೂಜೋ ಅವರ ‘ದಿ ಗಾಡ್‌ಫಾದರ್’ ಪ್ರಕಟವಾದದ್ದು 1969ರಲ್ಲಿ. ಫಾಲ್ಕೊ ಪುಸ್ತಕ ಬಂದದ್ದು 2012ರಲ್ಲಿ, ಪೂಜೋ ತೀರಿಕೊಂಡು ಸುಮಾರು 13 ವರ್ಷಗಳಾದ ಮೇಲೆ, ಅವರೇ ಬರೆದಿಟ್ಟಿದ್ದ ಚಿತ್ರಕಥೆಯೊಂದನ್ನು ಆಧರಿಸಿ. ಕಥೆ ನಡೆಯುವುದು ಮಾತ್ರ ಮೂಲಕ್ಕಿಂತ ಹತ್ತು ವರ್ಷಕ್ಕೂ ಹಿಂದೆ, 1933ರ ಆಸುಪಾಸಿನ ನ್ಯೂಯಾರ್ಕ್‌ನಲ್ಲಿ. ಅಮೆರಿಕದ ಪಾನನಿಷೇಧ ಮುಗಿಯುತ್ತ ಬಂದಿದೆ, ಕಳ್ಳಸಾರಾಯಿಯಿಂದ ಕೊಬ್ಬಿದವರೆಲ್ಲ ಬೇರೆ ದಂಧೆಗೆ ಕೈ ಚಾಚುತ್ತಿದ್ದಾರೆ. ಇಂಥ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ಪ್ರೀಕ್ವೆಲ್ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕು?

ಮೊದಲು ಕೈಗೆ ಸಿಗುವುದು ‘ಪೂರ್ವಕಥೆ’. ಒಳ್ಳೆಯ ಪದ, ತಕರಾರಿಲ್ಲ. ಆದರೆ ಅದು ಹೇಳುವುದು ಅರ್ಧವನ್ನು ಮಾತ್ರ. ಪೂಜೋ ಕಾದಂಬರಿಯ ಮೂರನೆಯ ಭಾಗವನ್ನೇ ನೋಡಿ. ಮನೆತನದ ಯಜಮಾನ ವೀಟೋ ಇಟಲಿಯ ಸಿಸಿಲಿಯಿಂದ ಓಡಿಬಂದದ್ದು, ಕೇರಿಯ ಪುಂಡ ಫನೂಚಿಯನ್ನು ಕೊಂದದ್ದು, ಆಲಿವ್ ಎಣ್ಣೆಯ ವ್ಯಾಪಾರಕ್ಕಿಳಿದದ್ದು ಎಲ್ಲವೂ ಅಲ್ಲಿದೆ. ಅದು ಅಪ್ಪಟ ಪೂರ್ವಕಥೆ, ಪ್ರೀಕ್ವೆಲ್ ಅಲ್ಲ. ಘಟನೆ ಹಿಂದಿನದು, ಕೃತಿ ಆಮೇಲಿನದು ಎಂಬ ಎರಡೂ ಕೂಡಿದರೆ ಮಾತ್ರ ಪ್ರೀಕ್ವೆಲ್. ‘ಗಾಡ್‌ಫಾದರ್’ ಸರಣಿಯ 1974ರ ಎರಡನೆಯ ಸಿನಿಮಾ ಇನ್ನೂ ತೊಡಕಿನದು: ವೀಟೋನ ಕಿರಿಯ ಮಗ ಮೈಕಲ್‌ನ ಭಾಗ ಮುಂದುವರಿಕೆ, ವೀಟೋನ ಭಾಗ ಪೂರ್ವಕಥೆ, ಎರಡೂ ಒಂದೇ ಚಿತ್ರದಲ್ಲಿ ಹೆಣೆದುಕೊಂಡಿವೆ.

ಇದು ಬರಿಯ ಕೂದಲು ಸೀಳುವ ಚರ್ಚೆಯಲ್ಲ. ‘ಪೂರ್ವಕಥೆ’ ಎಂದು ಕಂಡ ಓದುಗ ಇದನ್ನೇ ಮೊದಲು ಓದಬೇಕೆಂದುಕೊಳ್ಳುತ್ತಾನೆ. ಓದಿದರೆ ಕೆಟ್ಟ! ಫಾಲ್ಕೊ ಕಾದಂಬರಿಯ ರುಚಿ ಇರುವುದೇ ನಮಗೆ ಮುಂದಿನದು ಗೊತ್ತಿರುವುದರಲ್ಲಿ. ಇಲ್ಲಿ ಮೈಕಲ್ ಇನ್ನೂ ಶಾಲೆಗೆ ಹೋಗುವ ಹುಡುಗ, ಅಪ್ಪನ ನಿಜವಾದ ಕಸುಬು ಏನೆಂದೇ ಅವನಿಗೆ ತಿಳಿಯದು. ಹಿರಿಯ ಮಗ, ಹದಿನೇಳರ ಸನ್ನಿಯನ್ನು ವ್ಯಾಪಾರಿಯನ್ನಾಗಿ ಮಾಡಲು ವೀಟೋ ಹೆಣಗುತ್ತಾನೆ. ಮೂಲವನ್ನು ಓದದವನಿಗೆ ಇದು ಯಾವುದೋ ಮನೆಯ ಸಂಸಾರತಾಪತ್ರಯ. ಓದಿದವನಿಗೆ ಆ ಹುಡುಗರು ಊಟದ ಮೇಜಿಗೆ ಬಂದು ಕುಳಿತರೂ ಕರುಳು ಚುರುಕ್ಕೆನ್ನುತ್ತದೆ. ವೀಟೋನ ಕ್ರೂರ ಬಂಟನಾಗುವ ಲೂಕಾ ಬ್ರಾಸಿಯದೂ ಹಾಗೆಯೇ. ಸಿಸಿಲಿಯ ಸೂಲಗಿತ್ತಿ ಫಿಲೊಮೇನಾ ಮೈಕಲ್‌ಗೆ ಹೇಳುವ ಲೂಕಾ ತನ್ನದೇ ಕೂಸನ್ನು ಬೆಂಕಿಗೆ ಹಾಕಿಸಿದ ಘೋರ ಪ್ರಸಂಗ ಮೂಲದಲ್ಲಿ ಕೆಲವೇ ಪುಟಗಳಲ್ಲಿ ಮುಗಿಯುತ್ತದೆ. ಫಾಲ್ಕೊ ಅದರ ಹಿಂದುಮುಂದನ್ನು ವಿಸ್ತರಿಸುತ್ತಾರೆ. (ನನಗೆ ಫಿಲೊಮೇನಾಳ ಕೆಲವು ಪುಟಗಳೇ ಹೆಚ್ಚು ಭಯಾನಕ ಎನ್ನಿಸಿದವು, ಅದು ಬೇರೆ ಮಾತು.)

ಹಾಗಾದರೆ ಅಚ್ಚಗನ್ನಡದಲ್ಲಿ ಕಟ್ಟೋಣವೆಂದರೆ ‘ಹಿಂದೆ’, ‘ಮುಂದೆ’ ಎರಡೂ ಕೈಕೊಡುತ್ತವೆ. ಮುನ್ನುಡಿ ಮೊದಲು ಬರುತ್ತದೆ, ಹಿನ್ನುಡಿ ಕೊನೆಗೆ. ಮುಂಗಾರು ಮೊದಲು, ಹಿಂಗಾರು ಆಮೇಲೆ. ಆದರೆ ಮುಂದಿನ ವರ್ಷ ಇನ್ನೂ ಬಂದಿಲ್ಲ, ಹಿಂದಿನ ವರ್ಷ ಕಳೆದುಹೋಗಿದೆ. ‘ಮುಂಗತೆ’ ಎಂದು ಬರೆದರೆ ಅರ್ಧ ಜನ ಪ್ರೀಕ್ವೆಲ್ ಎಂದೂ ಉಳಿದರ್ಧ ಸೀಕ್ವೆಲ್ (ಮುಂದುವರಿಕೆ) ಎಂದೂ ಓದುವುದು ಖಂಡಿತ. ‘ಹಿಂಗತೆ’ಯ ಗತಿಯೂ ಅದೇ. ‘ಪೂರ್ವರಂಗ’ ಸೂಚಿಸಿದವರೊಬ್ಬರಿದ್ದಾರೆ. ಆದರೆ ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲರ ಕುಣಿತವೆಲ್ಲ ಮುಗಿದು ಪ್ರಸಂಗ ಶುರುವಾಗುತ್ತದೆ, ಆ ಕುಣಿತಕ್ಕೂ ಅಂದಿನ ಕಥೆಗೂ ಸಂಬಂಧವಿರುವುದಿಲ್ಲ. ‘ಪೂರ್ವಾಶ್ರಮ’ ಹಾಸ್ಯಕ್ಕೆ ಚೆನ್ನ, ಆದರೆ ಕಾರ್ಲಿಯೋನ್ ಮನೆಯಲ್ಲಿ ಯಾರೂ ಸನ್ಯಾಸ ತೆಗೆದುಕೊಂಡಂತಿಲ್ಲ.

ವಸ್ತು ನಮಗೆ ಹೊಸದೇನಲ್ಲ. ರಾಮಾಯಣದ ಉತ್ತರಕಾಂಡವನ್ನು ನೋಡಿ. ಪಟ್ಟಾಭಿಷೇಕವಾದ ಮೇಲೆ ಅಗಸ್ತ್ಯರು ಬಂದು ರಾವಣನ ಹುಟ್ಟು, ತಪಸ್ಸು, ವರ, ದಿಗ್ವಿಜಯಗಳನ್ನು ರಾಮನಿಗೆ ಹೇಳುತ್ತಾರೆ. ರಾವಣ ಹೇಗೆ ಸತ್ತನೆಂದು ಗೊತ್ತಿದ್ದವರೇ ಅದನ್ನು ಕೇಳುವುದು. ಈ ಕಾಂಡ ಮೂಲಕ್ಕೆ ಆಮೇಲೆ ಸೇರಿದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಕೃತಿ ಆಮೇಲಿನದು, ಘಟನೆ ಮೊದಲಿನದು: ಪ್ರೀಕ್ವೆಲ್‌ಗೆ ಇನ್ನೇನು ಬೇಕು? ಹೆಸರು ಮಾತ್ರ ‘ಉತ್ತರ’!

‘ಕಾಂತಾರ’ದ ಮುಂಚಿನ ಕಥೆ 2025ರಲ್ಲಿ ತೆರೆಗೆ ಬಂದಾಗ ಪತ್ರಿಕೆಗಳು ಪ್ರೀಕ್ವೆಲ್ ಎಂದೇ ಕನ್ನಡ ಅಕ್ಷರದಲ್ಲಿ ಬರೆದವು. ಅದು ತಪ್ಪೆನ್ನಲಾರೆ. ಇಂಗ್ಲಿಷಿನಲ್ಲೂ ಅದು ಸೀಕ್ವೆಲ್‌ನ ತಲೆ ಕತ್ತರಿಸಿ ‘ಪ್ರೀ’ ಅಂಟಿಸಿದ ಪದ, ಅಲ್ಲಿಯವರು ನಾಚಿಕೊಂಡಿಲ್ಲ. ಸದ್ಯಕ್ಕೆ ನಾನು ‘ಪ್ರೀಕ್ವೆಲ್’ ಎಂದೇ ಬರೆದು, ‘ಮೂಲವನ್ನು ಓದಿದ ಮೇಲೆ ಓದಬೇಕಾದ ಪೂರ್ವಕಥೆ’ ಎಂದು ಒಂದು ಸಲ ಬಿಡಿಸಿ ಹೇಳಿದ್ದೇನೆ.

ತಾಳಮದ್ದಲೆ ಬಲ್ಲವರಲ್ಲಿ ನನ್ನದೊಂದು ಪ್ರಶ್ನೆ. ಅಲ್ಲಿ ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವ ಅರ್ಥಧಾರಿಗಳು ಪಾತ್ರದ ಹಿಂದಿನ ವೃತ್ತಾಂತವನ್ನು ‘ಪೀಠಿಕೆ’ಯಲ್ಲಿ ತರುತ್ತಾರೆ. ಒಂದು ಪ್ರಸಂಗ ಜನಪ್ರಿಯವಾದ ಮೇಲೆ ಅದರ ಹಿಂದಿನ ಕಥೆಗೆ ಬೇರೆಯದೇ ಪ್ರಸಂಗ ಕಟ್ಟಿದ್ದರೆ, ಅದನ್ನು ಗುರುತಿಸಲು ಮೇಳಗಳಲ್ಲಿ ಪ್ರತ್ಯೇಕ ಪದವೇನಾದರೂ ಬಳಕೆಯಲ್ಲಿದೆಯೇ?