ಅಪವರ್ತನ ಒಂದೂ ಸಿಕ್ಕಿಲ್ಲ, ಆದ್ರೂ ಸಂಯುಕ್ತ ಸಂಖ್ಯೆ ಅಂತ ಹೇಗೆ ಹೇಳ್ತಾರೆ?

ಗುಣಾಕಾರ:
ಫರ್ಮಾ ಸಂಖ್ಯೆಗಳ ಬಗ್ಗೆ ಓದ್ತಾ ಇದ್ದೆ. 2ರ ಘಾತಕ್ಕೆ 1, 2, 4, 8, 16, 32 ಹೀಗೆ ಡಬಲ್ ಮಾಡ್ಕೊಂಡು ಹೋಗಿ 1 ಕೂಡಿಸೋದು. 3, 5, 17, 257, 65537 ಎಲ್ಲಾ ಅವಿಭಾಜ್ಯ, ಇಲ್ಲಿವರೆಗೂ ಸರಿ. ಇವಕ್ಕೆ ಎಫ್0ಇಂದ ಎಫ್4 ಅಂತ ಹೆಸ್ರು, ಹೀಗೇ ಮುಂದೆ ಬರೋ ಎಫ್20ರಲ್ಲಿ 315653 ಅಂಕಿ ಇದಾವೆ, ಅದು ಸಂಯುಕ್ತ ಅಂತ ಸಾಬೀತಾಗಿದೆ ಅಂತಾರೆ, ಆದ್ರೆ ಅದನ್ನ ಭಾಗಿಸೋ ಒಂದು ಸಂಖ್ಯೇನೂ ಇನ್ನೂ ಸಿಕ್ಕಿಲ್ವಂತೆ. ಇದ್ಯಾವ ಲೆಕ್ಕ? ಭಾಗಿಸೋ ಸಂಖ್ಯೆ ತೋರಿಸ್ದೆ ಸಂಯುಕ್ತ ಅಂದ್ರೆ ನಾನ್ ಹೇಗೆ ನಂಬ್ಲಿ?

ಶೇಷವೀರ:
ಸಂಯುಕ್ತ ಅಂತ ತೋರ್ಸೋದೇ ಬೇರೆ, ಒಡೆಯೋದೇ ಬೇರೆ. p ಅವಿಭಾಜ್ಯ ಆಗಿದ್ರೆ, p ಇಂದ ಭಾಗ ಹೋಗದ ಯಾವ ಸಂಖ್ಯೆ ತಗೊಂಡು p-1 ಘಾತಕ್ಕೆ ಏರ್ಸಿದ್ರೂ p ಇಂದ ಭಾಗಿಸ್ದಾಗ ಶೇಷ 1 ಬರ್ಲೇಬೇಕು, ಇದು ಫರ್ಮಾನ ಚಿಕ್ಕ ಪ್ರಮೇಯ. ಈಗ 91 ತಗೊಳಿ, ನೋಡೋಕೆ ಅವಿಭಾಜ್ಯದ ಥರಾನೇ ಇದೆ. 2ರ ಘಾತ 12 ಅಂದ್ರೆ 4096, 91×45 = 4095, ಶೇಷ 1. 90 = 7×12 + 6, ಹಂಗಾಗಿ 2ರ ಘಾತ 90ರ ಶೇಷ 2ರ ಘಾತ 6, ಅಂದ್ರೆ 64. 1 ಬರ್ಲಿಲ್ಲ, ಕೇಸ್ ಕ್ಲೋಸ್, 91 ಸಂಯುಕ್ತ. ನಾನಿಲ್ಲಿ 7, 13ರ ಹೆಸ್ರೇ ಎತ್ತಿಲ್ಲ ನೋಡಿ.

ಎಫ್20ಕ್ಕೆ ಪೆಪಿನ್ ಟೆಸ್ಟ್ ಇದೆ. 3ನ್ನ ವರ್ಗ ಮಾಡಿ, ಶೇಷ ತಗೊಂಡು, ಅದನ್ನ ಮತ್ತೆ ವರ್ಗ ಮಾಡಿ, ಹೀಗೆ 1048575 ಸಲ. ಅವಿಭಾಜ್ಯ ಆಗಿದ್ರೆ ಕೊನೆಗೆ ಎಫ್20ಗಿಂತ ಸರಿಯಾಗಿ ಒಂದು ಕಮ್ಮಿ ಶೇಷ ಬರ್ಬೇಕಿತ್ತು, ಬರ್ಲಿಲ್ಲ. ಅಪವರ್ತನ ಏನು ಅಂತ ಆ ಶೇಷ ಒಂದಕ್ಷರಾನೂ ಹೇಳಲ್ಲ.

ಒಂಬತ್ತರಮಗ್ಗಿ:
ಸಣ್ಣ ತಿದ್ದುಪಡಿ, ಚಿಕ್ಕ ಪ್ರಮೇಯದ ಟೆಸ್ಟು ಒಂದೇ ಕಡೆ ಕೆಲ್ಸ ಮಾಡೋದು. ಫೇಲಾದ್ರೆ ಸಂಯುಕ್ತ, ಗ್ಯಾರಂಟಿ. ಪಾಸಾದ್ರೆ ಅವಿಭಾಜ್ಯ ಅಂತ ಕುಣಿಯೋ ಹಂಗಿಲ್ಲ, 561 = 3×11×17 ಇದ್ಯಲ್ಲ, 3, 11, 17 ಯಾವುದರಿಂದ್ಲೂ ಭಾಗ ಹೋಗದ ಸಂಖ್ಯೆ ಯಾವುದನ್ನೇ ಹಾಕಿ, ಪಾಸ್. ಪೆಪಿನ್ ಟೆಸ್ಟಿಗೆ ಈ ಕಾಯಿಲೆ ಇಲ್ಲ, ಎರಡೂ ಕಡೆ ಪಕ್ಕಾ.

ಗುಣಾಕಾರ:
ಓಹ್, 91 ನೋಡಿದ್ಮೇಲೆ ತಲೆಗೆ ಹೋಯ್ತು. ಹಂಗಾದ್ರೆ ಎಫ್5ನ್ನ ಆಯ್ಲರ್ ಕಂಪ್ಯೂಟರ್ ಇಲ್ದೆ ಹೆಂಗೆ ಒಡೆದ?

ಶೇಷವೀರ:
1732ರಲ್ಲಿ. 4294967297 = 641×6700417. ಸಿಕ್ಕಸಿಕ್ಕಿದ್ರಿಂದೆಲ್ಲ ಭಾಗಿಸ್ಬೇಕಿಲ್ಲ, ಎಫ್5ರ ಅವಿಭಾಜ್ಯ ಅಪವರ್ತನ ಅಂದ್ಮೇಲೆ 128ರ ಗುಣಕಕ್ಕೆ 1 ಕೂಡಿಸಿದ್ದೇ ಆಗಿರ್ಬೇಕು (128 ಆಮೇಲೆ ಲ್ಯೂಕಾಸ್ ಬಿಗಿ ಮಾಡಿದ್ದು, ಆಯ್ಲರ್ ಹತ್ರ ಇದ್ದಿದ್ದು 64). 129, 257, 385, 513, 641. ಇದ್ರಲ್ಲಿ ಅವಿಭಾಜ್ಯ ಎರಡೇ, 257 ತಾನೇ ಒಂದು ಫರ್ಮಾ ಸಂಖ್ಯೆ, ಎರಡು ಫರ್ಮಾ ಸಂಖ್ಯೆಗೆ ಸಾಮಾನ್ಯ ಅಪವರ್ತನ ಇರಲ್ಲ, ಸೋ ಉಳಿದಿದ್ದು 641 ಒಂದೇ!

ಭಾಗಿಸ್ದೇನೂ ತೋರಿಸ್ಬೋದು, ನಂಗೆ ತುಂಬಾ ಇಷ್ಟದ ಪ್ರೂಫ್ ಇದು. 641 = 5×128 + 1, ಅಂದ್ರೆ 641ರಿಂದ ಭಾಗಿಸಿ ಶೇಷ ಮಾತ್ರ ನೋಡೋ ಲೆಕ್ಕದಲ್ಲಿ 5×(2ರ ಘಾತ 7) ಅನ್ನೋದು -1ಕ್ಕೆ ಸಮ. ನಾಲ್ಕನೇ ಘಾತಕ್ಕೆ ಏರ್ಸಿ, 625×(2ರ ಘಾತ 28) = 1. ಆದ್ರೆ 641 = 625 + 16 ಕೂಡ ಹೌದು, ಸೋ 625 ಇರೋ ಕಡೆ -16 ಹಾಕಿ. -(2ರ ಘಾತ 32) = 1 ಆಯ್ತು, ಅಂದ್ರೆ 2ರ ಘಾತ 32ಕ್ಕೆ 1 ಕೂಡಿಸಿದ್ರೆ ಶೇಷ ಸೊನ್ನೆ.

ಒಂಬತ್ತರಮಗ್ಗಿ:
ಮರ್ಸೆನ್ ಸಂಖ್ಯೆಗಳ (2ರ ಘಾತದಿಂದ 1 ಕಳೆದ್ರೆ ಬರೋವು) ಕಡೇನೂ ಇದೇ ಕಥೆ. 2ರ ಘಾತ 67 ಮೈನಸ್ 1 ಸಂಯುಕ್ತ ಅಂತ ಲ್ಯೂಕಾಸ್ 1876ರಲ್ಲೇ ತೋರಿಸಿದ್ದ, 193707721×761838257287 ಅಂತ ಕೋಲ್ ಒಡೆದು ಕೊಟ್ಟಿದ್ದು 1903ರಲ್ಲಿ.

ಗುಣಾಕಾರ:
ಅವಿಭಾಜ್ಯಾನೋ ಸಂಯುಕ್ತಾನೋ ಅನ್ನೋದೇ ಗೊತ್ತಿಲ್ದಿರೋ ಫರ್ಮಾ ಸಂಖ್ಯೆ ಇದ್ಯಾ?

ಶೇಷವೀರ:
ಬೇಕಾದಷ್ಟಿವೆ, ಸದ್ಯಕ್ಕೆ ಅದ್ರಲ್ಲಿ ಚಿಕ್ಕದು ಎಫ್33. ಚಿಕ್ಕದು ಅಂದ್ರೆ 2585827973 ಅಂಕಿ. ಪೆಪಿನ್ ಟೆಸ್ಟ್ ಮಾಡೋಕೆ 8589934591 ಸಲ ವರ್ಗ ಮಾಡ್ಬೇಕು, ಒಂದು ಮುಗೀದೆ ಇನ್ನೊಂದು ಶುರು ಮಾಡೋಕಾಗಲ್ಲ, ಹಂಗಾಗಿ ಸಾವಿರ ಕಂಪ್ಯೂಟರ್‌ಗೆ ಹಂಚೋ ಐಡಿಯಾನೂ ನಡೆಯಲ್ಲ. ಯಾರಾದ್ರೂ ಅಪವರ್ತನ ಹಿಡಿದ್ರೆ ಮಾತ್ರ ಬೇಗ ಮುಗಿಯುತ್ತೆ.