ಹೌಸ್, ಟೆಕ್ನೋ, ಟ್ರಾನ್ಸ್ ಎಲ್ಲ ಒಂದೇ ಥರ ಕೇಳಿಸ್ತಿದೆ, ಹೇಗೆ ಬೇರೆ ಮಾಡೋದು?

ಕುಡ್ಲೆ_ದಂಡೆ:
ಗೋಕರ್ಣದಲ್ಲಿ ಮಾವನ ಶ್ಯಾಕ್ (ಬೀಚ್ ಬದಿಯ ಹೋಟೆಲ್) ಇದೆ. ಈ ಸೀಸನ್‌ಗೆ ಹಾಡು ಹಾಕುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಪೆನ್‌ಡ್ರೈವ್ ತುಂಬಾ ಎಲೆಕ್ಟ್ರಾನಿಕ್ ಹಾಡುಗಳಿವೆ, ಯಾವುದು ಯಾವ ಜಾತಿ ಅಂತ ಗೊತ್ತಿಲ್ಲ. ಒಬ್ಬರು ಬಂದು ‘ಡೀಪ್ ಹೌಸ್ ಹಾಕಿ’ ಅಂತಾರೆ, ಇನ್ನೊಬ್ಬರು ‘ಸೈಟ್ರಾನ್ಸ್ ಇದೆಯಾ’ ಅಂತಾರೆ. ನನಗೆ ಎಲ್ಲವೂ ಟಕ್ ಟಕ್. ಬಿಪಿಎಂ (ನಿಮಿಷಕ್ಕೆ ಎಷ್ಟು ಬಡಿತ ಅಂತ) ಅಳೆಯುವ ಆ್ಯಪ್ ಹಾಕಿಕೊಂಡರೆ ಇನ್ನೂ ಗೊಂದಲ. ಡ್ರಮ್ ಆ್ಯಂಡ್ ಬೇಸ್ ಅಂದ್ರೆ ಭಾರೀ ಫಾಸ್ಟ್ ಅಂತಾರೆ, ಆ್ಯಪ್ 87 ತೋರಿಸುತ್ತಿದೆ. ಕೆಟ್ಟಿದೆಯಾ? ರಾತ್ರಿ ಮನೆಯಲ್ಲಿ ಫೋನ್‌ನಲ್ಲೇ ಹಾಕಿ ಕೇಳುತ್ತಿದ್ದೇನೆ.

ಕಾಳಿ_ಸೇತುವೆ, ಕಾರವಾರ:
ಆ್ಯಪ್ ಸರಿ ಇದೆ ಮಾರಾಯಾ, ಅರ್ಧ ಎಣಿಸಿದೆ ಅಷ್ಟೇ. 87ನ್ನು ದುಪ್ಪಟ್ಟು ಮಾಡು, 174. ಅದು ಡ್ರಮ್ ಆ್ಯಂಡ್ ಬೇಸ್‌ನ ಮಾಮೂಲಿ ವೇಗ. ಡಬ್‌ಸ್ಟೆಪ್‌ನಲ್ಲೂ ಹೀಗೇ ಆಗುತ್ತದೆ. ಅದು 140, ಆದರೆ ಸ್ನೇರ್ (ಚಟ್ ಅನ್ನುವ ಡ್ರಮ್) ಬೀಳೋದು ನಾಲ್ಕರಲ್ಲಿ ಮೂರನೇ ಎಣಿಕೆಗೆ ಮಾತ್ರ. ಹಾಗಾಗಿ 70 ಅನಿಸುತ್ತದೆ. ಯಕ್ಷಗಾನದಲ್ಲಿ ಚೆಂಡೆ ಎಷ್ಟು ಜೋರಾಗಿ ಓಡಿದರೂ ಭಾಗವತರ ತಾಳ ನಿಧಾನವೇ ಇರಬಹುದಲ್ಲ, ಹಾಗೆ.

ನಿಜವಾದ ತೊಂದರೆ ನಿನ್ನ ಫೋನ್. ಕಿಕ್ ಅಂದ್ರೆ ಧಬ್ ಅನ್ನುವ ದೊಡ್ಡ ಡ್ರಮ್, ಅದರ ಜೀವ ಇರೋದು 50-60 ಹರ್ಟ್ಜ್ ಹತ್ತಿರ, ತೀರಾ ತಗ್ಗಿನ ಸದ್ದಿನಲ್ಲಿ. ಅಷ್ಟು ಸಣ್ಣ ಸ್ಪೀಕರ್‌ನಿಂದ ಅದು ಹೊರಗೇ ಬರೋದಿಲ್ಲ. ನಿನಗೆ ಕೇಳ್ತಿರೋದು ಮೇಲಿನ ಟಕ್ ಟಕ್ ಮಾತ್ರ. ಮೊದಲು ಒಳ್ಳೆ ಇಯರ್‌ಫೋನ್ ಹಾಕು.

ಆಮೇಲೆ ಟ್ಯೂನ್ ಬಿಟ್ಟು ಕಿಕ್ ಹಿಡಿ. ಧಬ್ ಧಬ್ ಧಬ್ ಧಬ್ ಅಂತ ನಾಲ್ಕೂ ಎಣಿಕೆಗೆ ಸಮ ಬೀಳ್ತಿದ್ದರೆ ಹೆಚ್ಚಾಗಿ ಹೌಸ್, ಟೆಕ್ನೋ ಅಥವಾ ಟ್ರಾನ್ಸ್. ಮುರಿದು ಮುರಿದು ಬಂದರೆ ಡ್ರಮ್ ಆ್ಯಂಡ್ ಬೇಸ್, ಡಬ್‌ಸ್ಟೆಪ್ ಕಡೆಯ ಗುಂಪು, ಅದನ್ನು ಸದ್ಯಕ್ಕೆ ಪಕ್ಕಕ್ಕಿಡು.

ಸೈಟ್ರಾನ್ಸ್ ಹಿಡಿಯೋದು ಎಲ್ಲಕ್ಕಿಂತ ಸುಲಭ. 140-148ರ ಸುತ್ತ ಓಡುತ್ತದೆ. ಒಂದು ಕಿಕ್‌ನಿಂದ ಮುಂದಿನ ಕಿಕ್‌ವರೆಗಿನ ಜಾಗವನ್ನು ನಾಲ್ಕು ಭಾಗ ಮಾಡು. ಮೊದಲನೆಯದರಲ್ಲಿ ಕಿಕ್, ಉಳಿದ ಮೂರರಲ್ಲೂ ಗಿಡ್ಡ ಬೇಸ್ (ತಗ್ಗಿನ ಸ್ವರ). ಧಂ-ಗ-ಗ-ಗ, ಧಂ-ಗ-ಗ-ಗ. ಒಮ್ಮೆ ಕಿವಿಗೆ ಬಿದ್ದರೆ ಮತ್ತೆ ಮರೆಯೋದಿಲ್ಲ. ಇದರ ಹಿಂದಿನ ರೂಪವೇ ಗೋವಾ ಟ್ರಾನ್ಸ್. ಪೋಳೆಂನಲ್ಲಿ ಗೋವಾ ಗಡಿ ದಾಟಿದರೆ ಅದರ ತವರು. ಅಂಜುನಾ ಕಡೆಯ ಬೀಚ್ ಪಾರ್ಟಿಗಳಲ್ಲೇ ಬೆಳೆದದ್ದು.

ಮಾಮೂಲಿ ಟ್ರಾನ್ಸ್ ಸ್ವಲ್ಪ ನಿಧಾನ, 130-140. ನಡುವೆ ಕಿಕ್ ಪೂರ್ತಿ ನಿಲ್ಲುತ್ತದೆ, ಟ್ಯೂನ್ ಒಂದೇ ತೇಲುತ್ತಾ ಏರುತ್ತದೆ, ಸ್ನೇರ್ ಗಡಗಡ ಅಂದಮೇಲೆ ಕಿಕ್ ಧೊಪ್ಪನೆ ವಾಪಸ್. ನನಗೆ ಅತಿ ಅನ್ನಿಸುತ್ತದೆ, ಕುಣಿಯುವವರಿಗೆ ಅದೇ ಬೇಕು.

ಕುಡ್ಲೆ_ದಂಡೆ:
ಅಣ್ಣಾ, ಧಂ-ಗ-ಗ-ಗ ಸಿಕ್ತು! ಇಯರ್‌ಫೋನ್‌ನಲ್ಲಿ ಬೇರೆ ಹಾಡೇ ಅನಿಸ್ತಿದೆ. ಆದರೆ ಹೌಸ್-ಟೆಕ್ನೋ ಇನ್ನೂ ಕಲಸುಮೇಲೋಗರ. 126 ಇರೋದು ಒಂದಿದೆ, ಮಾತಿಲ್ಲ, ಪಿಯಾನೋ ಇದೆ. ಮಾತಿಲ್ಲ ಅಂದ್ರೆ ಟೆಕ್ನೋ ಅಲ್ವಾ?

ತೋಟದ_ಮನೆ, ಶಿರಸಿ:
ಅಲ್ಲ. ಮಾತಿಲ್ಲದ ಹೌಸ್ ಬೇಕಾದಷ್ಟಿದೆ. ಎರಡನೇ, ನಾಲ್ಕನೇ ಎಣಿಕೆಗೆ ಚಪ್ಪಾಳೆ ಇದೆಯಾ? ಎರಡು ಕಿಕ್ ನಡುವೆ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ‘ತ್ಸ್’ ಅಂತ ಬಾಯಿ ಬಿಡುತ್ತದಾ? ಹೌಸ್ ಡಿಸ್ಕೋದಿಂದ ಹುಟ್ಟಿದ್ದು, ಸೊಂಟ ಅಲ್ಲಾಡಿಸುತ್ತದೆ. 1980ರ ದಶಕದ ಶಿಕಾಗೋ, ಫ್ರಾಂಕಿ ನಕಲ್ಸ್ ಹಾಡು ಹಾಕುತ್ತಿದ್ದ ವೇರ್‌ಹೌಸ್ ಕ್ಲಬ್, ಅಲ್ಲಿಂದಲೇ ಆ ಹೆಸರು ಅಂತಾರೆ. ಟೆಕ್ನೋ ಡೆಟ್ರಾಯ್ಟ್‌ದು. ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಶುರು ಮಾಡಿದ್ದು. ಅಲ್ಲಿ ಒಂದೇ ತುಣುಕು ನಿಮಿಷಗಟ್ಟಲೆ ತಿರುಗುತ್ತಿರುತ್ತದೆ, ಬದಲಾಗೋದು ಶಬ್ದದ ಬಣ್ಣ. ಹಾಡಿಕೊಳ್ಳೋಕೆ ಏನೂ ಸಿಗೋದಿಲ್ಲ.

ಕಾಳಿಯವರೇ, ವೇಗದ ಅಂಕಿಯನ್ನು ಜಾಸ್ತಿ ನಂಬಿಸಬೇಡಿ. 128ರಲ್ಲಿ ಹೌಸ್, ಟೆಕ್ನೋ ಎರಡೂ ಸಿಗುತ್ತವೆ. ಫೈಲ್ ಹೆಸರಂತೂ ನಂಬಲೇಬೇಡಿ, ಸುಮ್ನೆ ಮೆತ್ತಗಿರೋ ಹಾಡಿಗೆಲ್ಲ ‘ಡೀಪ್ ಹೌಸ್’ ಅಂತ ಅಂಟಿಸಿರುತ್ತಾರೆ. ‘ಆ್ಯಸಿಡ್’ ಅಂತಿದ್ದರೆ ಮಾತ್ರ ಗುರುತು ಪಕ್ಕಾ: ಕ್ವ್ಯಾಂವ್ ಕ್ವ್ಯಾಂವ್ ಅಂತ ಹಿಂಡುವ ಬೇಸ್, ರೋಲ್ಯಾಂಡ್ ಟಿಬಿ-303 ಯಂತ್ರದ್ದು. ಶಿಕಾಗೋದವರು ಆ್ಯಸಿಡ್ ಶುರು ಮಾಡುವ ಮೊದಲೇ, 1982ರಲ್ಲಿ, ಮುಂಬೈಯ ಚರಣ್‌ಜಿತ್ ಸಿಂಗ್ ಅದೇ ಯಂತ್ರದಲ್ಲಿ ರಾಗ ನುಡಿಸಿ ರೆಕಾರ್ಡ್ ಮಾಡಿದ್ದರು. ಆಗ ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ.

ಕುಡ್ಲೆ_ದಂಡೆ:
ಚಪ್ಪಾಳೆ ಇದೆ, ತ್ಸ್ ಕೂಡ ಇದೆ. ಹೌಸ್ ಫೋಲ್ಡರ್‌ಗೆ ಹಾಕಿದೆ. ಯಾವುದನ್ನು ಯಾವ ಹೊತ್ತಿಗೆ ಹಾಕಲಿ?

ಕಾಳಿ_ಸೇತುವೆ:
ಸೂರ್ಯ ಮುಳುಗುವಾಗ ಹೌಸ್, ಊಟದ ಹೊತ್ತಿಗೂ ಅದೇ. ಸೈಟ್ರಾನ್ಸ್ ಕೇಳುವವರು ಬರೋದೇ ಹತ್ತರ ಮೇಲೆ, ಆದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಸ್ಪೀಕರ್ ಹಾಕುವಂತಿಲ್ಲ. ಗೋವಾದ ಪಾಳೊಳೆಂ ಬೀಚ್‌ನಲ್ಲಿ ಎಲ್ಲರ ಕಿವಿಗೂ ಹೆಡ್‌ಫೋನ್ ಕೊಟ್ಟು ಕುಣಿಸುತ್ತಾರೆ. ಅದಕ್ಕೆ ದುಡ್ಡು ಬಿಚ್ಚುತ್ತಾರಾ ಅಂತ ನಿನ್ನ ಮಾವನನ್ನೇ ಕೇಳು.